ಮಕ್ಕಳ ಅಂಗಡಿ ಮತ್ತು ಪಕ್ಕದ ಬಜ್ಜಿ ಅಂಗಡಿ

(ಗುಡೇಕೋಟೆಯಲ್ಲಿ ಶಾಲಾ ಸಂಘದ ಮಕ್ಕಳು ಹಾಗೂ ಪಾಲಕರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಶಾಲೆಯ ಸಂಘದವರು ವಾರ್ಷಿಕೋತ್ಸವದ ದಿನ ಒಂದು ತಿಂಡಿ ಅಂಗಡಿ ಹಾಕಿ, ಬಂದ ಲಾಭದಿಂದ ಪುಸ್ತಕ ಮತ್ತು ಆಟದ ಸಾಮಾನು ಕೊಳ್ಳಬೇಕೆಂದು ನಿಶ್ಚಯಿಸಿದ್ದಾರೆ. ಅದನ್ನು ನಡೆಸುವ ಬಗೆ ಹೇಳಿರೆಂದು ನಮ್ಮನ್ನು ಕರೆಸಿದ್ದಾರೆ. ನಾವು ಪಂಡಿತರಲ್ಲ. ಒಮ್ಮೆ ಇಂಥ ಅಂಗಡಿ ಹಾಕಿ ಕೈ ಸುಟ್ಟುಕೊಂಡವರು. ನಮಗಿರುವ ಅರ್ಹತೆ ಅದೊಂದೇ.

ಮಕ್ಕಳು ವ್ಯಾಪಾರಕ್ಕೆ ಕೂಡುವುದು ಹೊಸದಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಎಂದು ನಡೆಯುತ್ತಲೇ ಇವೆ. ಮಕ್ಕಳು ಹೊಲದ ಬದನೆ, ಮೆಂತ್ಯದ ಸೊಪ್ಪು ತಂದು ತಕ್ಕಡಿ ಹಿಡಿಯುತ್ತಾರೆ, ಚಿಲ್ಲರೆ ಎಣಿಸುತ್ತಾರೆ. ಅದು ಪಾಠ, ನಷ್ಟವಾದರೂ ಪಾಠವೇ. (ಮೆಟ್ರಿಕ್ ಮೇಳ ಮಾಡುವ ಊರಿನಲ್ಲೇ ಮಂಡಕ್ಕಿಯನ್ನು ಇನ್ನೂ ಸೇರಿನಲ್ಲಿ ಅಳೆಯುತ್ತೇವೆ, ಅದು ಬೇರೆ ಮಾತು.) ಹಣ ಕೂಡಿಸಲೆಂದು ಹಾಕುವ ಅಂಗಡಿಯ ಸಂಗತಿ ಹಾಗಲ್ಲ. ಅಲ್ಲಿ ಲೆಕ್ಕ ತಪ್ಪಿದರೆ ಊರಿನ ವಿಶ್ವಾಸವೇ ಹೋಗುತ್ತದೆ.

ನಮ್ಮ ಅಂಗಡಿಯ ಕಥೆ ಕೇಳಿರಿ. ಮಂಡಕ್ಕಿ-ಮಿರ್ಚಿ ಇಟ್ಟೆವು. ಸಂಜೆಯ ಹೊತ್ತಿಗೆ ಗಲ್ಲಾಪೆಟ್ಟಿಗೆ ತುಂಬಿತ್ತು. 3,000 ರೂಪಾಯಿ ಲಾಭವೆಂದು ಮೈಕಿನಲ್ಲಿ ಸಾರಿಬಿಟ್ಟೆವು, ಚಪ್ಪಾಳೆಯೂ ಬಿತ್ತು. ಮರುದಿನ ಬೆಳಿಗ್ಗೆ ಕಿರಾಣಿ ಅಂಗಡಿಯ ಉದ್ರಿ ಚೀಟಿ ಬಂತು: ಎಣ್ಣೆ, ಕಡಲೆಹಿಟ್ಟು, ಮಂಡಕ್ಕಿ, ಮೆಣಸಿನಕಾಯಿ. ಅದರ ಹಿಂದೆಯೇ ಗ್ಯಾಸಿನವರು, ಶಾಮಿಯಾನದವರು. ಎಲ್ಲರಿಗೂ ಕೊಟ್ಟ ಮೇಲೆ ಉಳಿದ ಶಿಲ್ಕು 400 ರೂಪಾಯಿ. ಉಳಿದ ಹಣ ಯಾರು ತಿಂದರು ಎಂದು ಊರವರು ಕೇಳಿದರು. ಕೇಳಿದ್ದು ನ್ಯಾಯವೇ. ಯಾರೂ ತಿಂದಿರಲಿಲ್ಲ, ಮಾರಾಟವನ್ನೇ ಲಾಭವೆಂದು ಕರೆದ ಮೂರ್ಖತನ ನಮ್ಮದಾಗಿತ್ತು.

ಆದರೆ ನಮ್ಮ ಮನಸ್ಸನ್ನು ಇಂದಿಗೂ ಚುಚ್ಚುವುದು ಅದಲ್ಲ. ನಮ್ಮ ಪಕ್ಕದಲ್ಲಿ, ವರ್ಷವಿಡೀ ಬಜ್ಜಿ ಮಾರಿ ಜೀವನ ಮಾಡುವ ಒಬ್ಬ ಅವ್ವ ಒಲೆ ಹೂಡಿದ್ದಳು. ಶಾಲೆಯ ಅಂಗಡಿ, ಒಳ್ಳೆಯ ಕೆಲಸ ಎಂದು ಜನರೆಲ್ಲ ನಮ್ಮ ಕಡೆಗೆ ಬಂದರು. ಬೆಲೆಯೂ ನಮ್ಮದೇ ಕಡಿಮೆ. ರಾತ್ರಿ ಅವಳ ಪುಟ್ಟಿಯಲ್ಲಿ ಬಜ್ಜಿ ಹಾಗೆಯೇ ತಣ್ಣಗಾಗಿತ್ತು. "ನಿಮಗ ಇದು ಒಂದಿನದ ಆಟ, ಯಪ್ಪಾ. ನಾನು ಬಡ್ಡೀಗೆ ರೊಕ್ಕ ತಂದು ಎಣ್ಣಿ ಹಾಕೀನಿ" ಎಂದಳು. ಬೈಯಲಿಲ್ಲ, ಅಷ್ಟೇ ಹೇಳಿದಳು.

ನಾವು ಕಡಿಮೆಗೆ ಮಾರಿದ್ದು ಹೇಗೆ? ನಮಗೆ ಬಡ್ಡಿ ಇರಲಿಲ್ಲ, ಜಾಗದ ಬಾಡಿಗೆ ಇರಲಿಲ್ಲ. ಬಿಸಿಲಲ್ಲಿ ನಿಂತು ಮಿರ್ಚಿ ಕರಿದ ತಾಯಂದಿರಿಗೆ ನಾವು ಕೂಲಿ ಕೊಡಲಿಲ್ಲ. ಬಿಟ್ಟಿ ದುಡಿಮೆಯ ಬಲದಿಂದ, ದುಡಿದು ತಿನ್ನುವ ಒಬ್ಬಳ ಗಿರಾಕಿಗಳನ್ನು ಕಿತ್ತುಕೊಂಡೆವು. ಗಿರಣಿಯಲ್ಲಿ ದುಡಿಯುವ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆ ಕೂಲಿಗೆ ಬರುವವನನ್ನು ತಂದು ಪಕ್ಕದ ಮಗ್ಗಕ್ಕೆ ನಿಲ್ಲಿಸಿದಾಗ ಏನಾಗುತ್ತದೆಂದು ಅವರು ಬಲ್ಲರು.

ಆದುದರಿಂದ ನಮ್ಮ ಮೊದಲ ಸಲಹೆ: ಊರಿನ ಬಡ ವ್ಯಾಪಾರಿ ಏನು ಮಾರುತ್ತಾನೋ ಅದನ್ನು ನೀವು ಮಾರಬೇಡಿ. ನಮ್ಮ ಕೂಡ್ಲಿಗಿ ಸೀಮೆಯ ಮಸಾರಿ ಹೊಲಗಳಲ್ಲಿ ಶೇಂಗಾ ಬೆಳೆಯುತ್ತದೆ. ಕುದಿಸಿದ ಶೇಂಗಾ, ಕಾಳಿನ ಉಸಳಿ, ಮಜ್ಜಿಗೆ ಇಡಿರಿ. ಮಿರ್ಚಿ ಬೇಕೇಬೇಕೆಂದು ದೊಡ್ಡವರು ಹಠ ಮಾಡಿದರೆ ಅವರನ್ನು ಹೊರಗೆ ಬಜ್ಜಿ ಅಂಗಡಿಗೆ ಕಳಿಸಿರಿ. ಇದಕ್ಕೆ ಕಾಯಿದೆಯ ಬೆಂಬಲವೂ ಇದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾಗಿರುವ ತಿನಿಸನ್ನು ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಆ ನಿಯಮ ಹಿಡಿದು ಅಧಿಕಾರಿಗಳು ಬಂದರೆ ಮೊದಲು ಎಬ್ಬಿಸುವುದು ಗೇಟಿನ ಬಳಿ ಕೂತ ಬುಟ್ಟಿಯವಳನ್ನು, ಬಣ್ಣದ ಪೊಟ್ಟಣದ ಕಂಪನಿಯನ್ನಲ್ಲ ಎಂಬುದೂ ನಮಗೆ ಗೊತ್ತು. ಅಂಥ ದಿನ ಬಂದರೆ ಅವಳಿಗೆ ಬೇರೆ ಜಾಗ ಕೇಳಲು ಈ ಸಂಘವೇ ಮುಂದೆ ನಿಲ್ಲಬೇಕು.

ಮಜ್ಜಿಗೆಗೆ ಕುದಿಸಿ ಆರಿಸಿದ ನೀರೇ ಆಗಬೇಕು. ಉಸಳಿ ಕೊಡಲು ಮುತ್ತುಗದ ಎಲೆ ಇದೆ. ಹಳೆಯ ಪತ್ರಿಕೆಯಲ್ಲಿ ತಿನಿಸು ಕಟ್ಟಬೇಡಿ, ಅದರ ಮಸಿ ಹೊಟ್ಟೆಗೆ ಹೋಗುತ್ತದೆ. ಈ ಭಾಷಣ ಅಚ್ಚಾಗುವ ಪತ್ರಿಕೆಗೂ ಈ ಮಾತು ಅನ್ವಯಿಸುತ್ತದೆ, ಸಂಪಾದಕರು ಕ್ಷಮಿಸಬೇಕು. ಒಲೆಯ ಹತ್ತಿರ ದೊಡ್ಡವರೇ ಇರಲಿ. ಮಕ್ಕಳು ಲೆಕ್ಕದ ಪುಸ್ತಕದ ಹತ್ತಿರ ಇರಲಿ.

ಲೆಕ್ಕದ ವಿಚಾರ. ಒಂದು ಪುಸ್ತಕ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಯಾರಾದರೂ ಒಂದು ಚೀಲ ಶೇಂಗಾ ದಾನ ಕೊಟ್ಟರೆ ಅದರ ಪೇಟೆ ಬೆಲೆಯನ್ನೂ ಬರೆಯಿರಿ. ಇಲ್ಲವಾದರೆ ಅಂಗಡಿಯಲ್ಲಿ ಲಾಭ ಬಂತೋ, ದಾನವೇ ಲಾಭದ ವೇಷ ಹಾಕಿತೋ ತಿಳಿಯುವುದಿಲ್ಲ. ಗಲ್ಲಾಪೆಟ್ಟಿಗೆ ಇಬ್ಬರ ಕೈಯಲ್ಲಿರಲಿ, ಎಣಿಕೆ ಎಲ್ಲರ ಎದುರಿಗೆ ನಡೆಯಲಿ. ಈಗ ಅರ್ಧ ಜನ ಮೊಬೈಲಿನಿಂದಲೇ ಹಣ ಹಾಕುತ್ತಾರೆ. ಆ ಹಣ ಯಾವ ಖಾತೆಗೆ ಹೋಗುತ್ತದೆಂದು ಮೊದಲೇ ನಿರ್ಣಯವಾಗಬೇಕು. ಮೇಷ್ಟರ ಸ್ವಂತ ಖಾತೆಗೆ ಹೋಗಕೂಡದು. ಮೇಷ್ಟರು ಪ್ರಾಮಾಣಿಕರೆಂದೇ ಈ ಮಾತು ಹೇಳುತ್ತೇವೆ. ಅಪವಾದ ಪ್ರಾಮಾಣಿಕರಿಗೇ ಹೆಚ್ಚು ನೋವು ಕೊಡುತ್ತದೆ. ಉದ್ರಿಯೆಲ್ಲ ತೀರಿದ ಮೇಲೆ ಉಳಿದದ್ದೆಷ್ಟೆಂದು ಬರೆದು ಶಾಲೆಯ ಗೋಡೆಗೆ ಅಂಟಿಸಿರಿ. ಅಲ್ಲಿಯವರೆಗೆ ಮೈಕಿನ ಹತ್ತಿರ ಯಾರೂ ಹೋಗಬಾರದು.

ಇನ್ನೊಂದು ಮಾತು, ಇದು ದೊಡ್ಡವರಿಗೆ. ಈ ಅಂಗಡಿಯ ಲಾಭದಿಂದ ನೀವು ಕೊಳ್ಳಬೇಕೆಂದಿರುವುದು ಪುಸ್ತಕ ಮತ್ತು ಚೆಂಡು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ತೆರೆದು ನೋಡಿರಿ. ಪ್ರತಿ ಶಾಲೆಗೂ ಪತ್ರಿಕೆ ಪುಸ್ತಕಗಳುಳ್ಳ ಗ್ರಂಥಾಲಯ ಬೇಕು, ಆಟದ ಸಾಮಗ್ರಿ ಬೇಕು ಎಂದು ಅದರಲ್ಲೇ ಬರೆದಿದೆ. ಒಂದರಿಂದ ಎಂಟನೆಯ ತರಗತಿಯವರೆಗೆ ಅದು ಸರ್ಕಾರದ ಹೊಣೆ. 2022ರ ಅಕ್ಟೋಬರಿನಲ್ಲಿ, ಸರ್ಕಾರಿ ಶಾಲೆಗಳ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಎತ್ತಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಡುವ ಸುತ್ತೋಲೆ ಹೊರಟಿದ್ದು ನೆನಪಿರಬಹುದು. ಜನ ವಿರೋಧಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ವಿರೋಧಿಸದಿದ್ದರೆ ಇಂದು ಅದೇ ರೂಢಿಯಾಗಿರುತ್ತಿತ್ತು.

ಅಂಗಡಿ ಹಾಕಬೇಡಿರೆಂದು ನಾವು ಹೇಳುವುದಿಲ್ಲ. ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಲು ನಾವು ಬಂದಿಲ್ಲ. ಅಂಗಡಿಯ ಹಣದಿಂದ ಪ್ರವಾಸ ಮಾಡಿರಿ, ನಾಟಕಕ್ಕೆ ಪರದೆ ಹೊಲಿಸಿರಿ. ಪುಸ್ತಕ ಮತ್ತು ಚೆಂಡಿಗಾಗಿ ಮಾತ್ರ ಅದೇ ವಾರ ಬ್ಲಾಕ್ ಶಿಕ್ಷಣಾಧಿಕಾರಿಗಳಿಗೆ ಒಂದು ಅರ್ಜಿ ಬರೆಯಿರಿ, ಪಾಲಕರೆಲ್ಲರೂ ಸಹಿ ಹಾಕಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿರಿ. ಅರ್ಜಿಯ ಪ್ರತಿಯೊಂದನ್ನು ಲೆಕ್ಕದ ಚೀಟಿಯ ಪಕ್ಕದಲ್ಲೇ ಗೋಡೆಗೆ ಅಂಟಿಸಿರಿ.

ಅಂಗಡಿಯ ದಿನ ನಾವೂ ಬರುತ್ತೇವೆ. ಶೇಂಗಾ ಕುದಿಸುವ ಹಂಡೆ ನಮ್ಮ ಮನೆಯಿಂದ ಬರಲಿ. ಆದರೆ ಅದರ ಬಾಡಿಗೆಯನ್ನು ಜಮಾ ಕಡೆಗೆ ದಾನವೆಂದೂ ಖರ್ಚಿನ ಕಡೆಗೆ ಬಾಡಿಗೆಯೆಂದೂ ಬರೆದಿದ್ದೀರೋ ಇಲ್ಲವೋ, ಸಂಜೆ ನೋಡಿಯೇ ಹಂಡೆ ಒಯ್ಯುತ್ತೇವೆ.