ಕೆನಡಾದ ಮೂಲನಿವಾಸಿ ಮಕ್ಕಳೂ ಕ್ಷಯರೋಗವೂ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಸಾರ್ವಜನಿಕ ಆರೋಗ್ಯವೆಂದೊಡನೆ ಸಿಡುಬಿನ ದೇವಿ ಹಾಕುವುದು, ಶುದ್ಧವಾದ ನೀರು, ಊರ ಚರಂಡಿಗಳು ನಮ್ಮ ಕಣ್ಣಮುಂದೆ ಬಂದು ನಿಲ್ಲುವುವು. ಇವು ಮನುಷ್ಯಮಾತ್ರರಿಗೆಲ್ಲ ಒಂದೇ ಸಮನೆ ಸಲ್ಲತಕ್ಕವೆಂದು ನಾವು ನಂಬಿರುವೆವು. ಆದರೆ ಸತ್ತವರು ಯಾವ ಜನಾಂಗದವರೆಂಬುದನ್ನು ನೋಡಿ ಸರಕಾರವೊಂದು ಸಾವಿನ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಟ್ಟ ಸಂಗತಿಯು ಕೆನಡಾ ದೇಶದಲ್ಲಿ ನಡೆದಿರುವುದು. ಅದು ಶಾಲೆಗಳಲ್ಲಿಯೇ ನಡೆದುದರಿಂದ ಶಿಕ್ಷಕರಾದ ನಾವು ಅದನ್ನು ಅರಿಯದೆ ಇರಲಾಗದು.

ಆ ನಾಡಿನ ಮೂಲನಿವಾಸಿಗಳನ್ನು ಬಿಳಿಯರು 'ಇಂಡಿಯನ್ನರು' ಎಂದು ಕರೆದರು. (ದಾರಿ ತಪ್ಪಿದ ಕೊಲಂಬಸನು ಇಟ್ಟ ಈ ಹೆಸರು ಕೆನಡಾದ ಕಾನೂನಿನಲ್ಲಿ ಇಂದಿಗೂ ಹಾಗೆಯೇ ಕುಳಿತಿರುವುದು!) ಅವರ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ, ಮಿಶನರಿಗಳು ನಡೆಸುವ ವಸತಿಶಾಲೆಗಳಲ್ಲಿಟ್ಟು, ಅವರ ಭಾಷೆಯನ್ನೂ ಆಚಾರಗಳನ್ನೂ ಮರೆಯಿಸುವುದು ಸರಕಾರದ ಧೋರಣೆಯಾಗಿದ್ದಿತು. ಗ್ರ್ಯಾಂಟು ತಲೆಗಿಷ್ಟು ಎಂಬ ಲೆಕ್ಕದಲ್ಲಿ ಸಲ್ಲುತ್ತಿತ್ತು. ತಲೆಗಳು ಹೆಚ್ಚಿದಷ್ಟೂ ಹಣವು ಹೆಚ್ಚು. ಆದಕಾರಣ ಕ್ಷಯ ತಗಲಿದ ಮಗುವೂ ಶಾಲೆಗೆ ಸೇರುತ್ತಿತ್ತು, ಆರೋಗ್ಯವಂತ ಮಗುವಿನ ಮಗ್ಗುಲಲ್ಲಿಯೇ ಮಲಗುತ್ತಿತ್ತು.

1904ರಲ್ಲಿ ಡಾಕ್ಟರ್ ಪೀಟರ್ ಬ್ರೈಸ್ ಎಂಬವರು ಆ ಖಾತೆಯ ಮುಖ್ಯ ವೈದ್ಯಾಧಿಕಾರಿಗಳಾದರು. ಇವರು ಸಾಮಾನ್ಯರಲ್ಲ, 1900ರಲ್ಲಿ ಅಮೇರಿಕದ ಸಾರ್ವಜನಿಕ ಆರೋಗ್ಯ ಸಂಘಕ್ಕೆ ಅಧ್ಯಕ್ಷರಾಗಿದ್ದವರು. 1907ರಲ್ಲಿ ಇವರು ಪಶ್ಚಿಮ ಪ್ರಾಂತಗಳ 35 ಶಾಲೆಗಳನ್ನು ಕಣ್ಣಾರೆ ಕಂಡರು. ಉರುವಲನ್ನು ಉಳಿಸುವುದಕ್ಕಾಗಿ ದೀರ್ಘವಾದ ಚಳಿಗಾಲವೆಲ್ಲ ಮಲಗುವ ಕೋಣೆಗಳ ಕಿಟಕಿಗಳನ್ನು ಬಿಗಿದಿದ್ದರು. ಒಬ್ಬರು ಕೆಮ್ಮಿದ ಗಾಳಿಯನ್ನೇ ಎಲ್ಲರೂ ಉಸಿರಾಡಬೇಕಾಗಿದ್ದಿತು. ಬ್ರೈಸರು ಶಾಲೆಗಳಿಂದ ಲೆಕ್ಕ ಕೇಳಿದರು. ಉತ್ತರ ಬಂದ ಶಾಲೆಗಳ 1,537 ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 25 ಮಂದಿ ತೀರಿಹೋಗಿದ್ದರು. ಫೈಲ್ ಹಿಲ್ಸ್ ಎಂಬ ಶಾಲೆಯು ಪೂರ್ಣವಾದ ಲೆಕ್ಕವನ್ನು ಕೊಟ್ಟಿತು. ಅಲ್ಲಿಂದ ಹೊರಬಿದ್ದವರಲ್ಲಿ ನೂರಕ್ಕೆ 69 ಮಂದಿ ಉಳಿದಿರಲಿಲ್ಲ. ಎಲ್ಲೆಡೆಯಲ್ಲಿಯೂ ಕಾರಣವು ಬಹುಮಟ್ಟಿಗೆ ಒಂದೇ, ಕ್ಷಯ.

ಈ ಜನರ ರಕ್ತವೇ ದುರ್ಬಲ, ಕ್ಷಯವು ಅವರ ಹಣೆಬರಹ ಎಂಬ ಮಾತು ಆಗ ಪಂಡಿತರಲ್ಲಿಯೂ ಅಧಿಕಾರಿಗಳಲ್ಲಿಯೂ ಬಳಕೆಯಲ್ಲಿದ್ದಿತು. ಎಷ್ಟು ಅನುಕೂಲವಾದ ಸಿದ್ಧಾಂತ! ರಕ್ತದ ದೋಷಕ್ಕೆ ಕಿಟಕಿ ತೆರೆಯಬೇಕಾಗಿಲ್ಲ, ಹಣ ಸುರಿಯಬೇಕಾಗಿಲ್ಲ. ಆದರೆ ಕ್ಷಯದ ಜಂತುವನ್ನು ಕಾಖ್ ಪಂಡಿತನು 1882ರಲ್ಲಿಯೇ ತೋರಿಸಿಕೊಟ್ಟಿದ್ದನು. ಬ್ರೈಸರು ದೋಷವನ್ನು ಕಟ್ಟಡದಲ್ಲಿ ಕಂಡರೇ ಹೊರತು ಮಕ್ಕಳ ಮೈಬಣ್ಣದಲ್ಲಿ ಕಾಣಲಿಲ್ಲ. ಅವರು ಸೂಚಿಸಿದ ಉಪಾಯಗಳನ್ನು ಸರಕಾರವು ಪ್ರಕಟಿಸಲಿಲ್ಲ, ಕೈಕೊಳ್ಳಲೂ ಇಲ್ಲ.

1913ರಲ್ಲಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಎಂಬವರು ಖಾತೆಯ ಚುಕ್ಕಾಣಿ ಹಿಡಿದರು. ಕೆನಡಾದಲ್ಲಿ ಇವರಿಗೆ ಕವಿಗಳೆಂಬ ಕೀರ್ತಿಯುಂಟು. ಕವಿಹೃದಯವು ಕಚೇರಿಯ ಬಾಗಿಲಾಚೆಯೇ ನಿಂತಿತೆಂದು ತೋರುವುದು. ಈ ಶಾಲೆಗಳ ಅರ್ಧದಷ್ಟು ಮಕ್ಕಳು ಕಲಿತ ವಿದ್ಯೆಯ ಫಲವನ್ನುಣ್ಣಲು ಬದುಕಿರಲಿಲ್ಲವೆಂದು ಸ್ವತಃ ಬರೆದವರು ಇವರೇ. ಆದರೂ 1920ರಲ್ಲಿ ಇವರ ಕಾಲದಲ್ಲಿಯೇ 7ರಿಂದ 15 ವರ್ಷದ ಮಕ್ಕಳನ್ನು ಶಾಲೆಗೆ ಬಲಾತ್ಕಾರದಿಂದ ಒಯ್ಯುವ ಅಧಿಕಾರವು ಕಾನೂನಿನಲ್ಲಿ ಸೇರಿತು. 1921ರಲ್ಲಿ ಬ್ರೈಸರನ್ನು ನಿವೃತ್ತಿಗೊಳಿಸಿದರು. ಮರುವರ್ಷ ಅವರು ಇದು ರಾಷ್ಟ್ರವು ಎಸಗಿದ ಅಪರಾಧವೆಂದು ಸಾರುವ ಕಿರುಹೊತ್ತಗೆಯನ್ನು ಪ್ರಕಟಿಸಿದರು. ಶಾಲೆಗಳು ಮಾತ್ರ ಮುಚ್ಚಲಿಲ್ಲ. ಕಡೆಯವು 1990ರ ದಶಕದವರೆಗೂ ನಡೆದುವು.

ಮುಂದೆ ಸರಕಾರವು ಕ್ಷಯಕ್ಕಾಗಿ ಹಣ ಬಿಚ್ಚಿತು. 1950ರಿಂದ 'ಸಿ. ಡಿ. ಹೌ' ಎಂಬ ಹಡಗು ಉತ್ತರದ ಹಿಮಪ್ರದೇಶದ ಇನ್ಯುಯಿಟ್ ಜನರ ಎದೆಯ ಕ್ಷ-ಕಿರಣ ಚಿತ್ರ ತೆಗೆಯತೊಡಗಿತು. ರೋಗ ಕಂಡವರನ್ನು ದಕ್ಷಿಣದ ಕ್ಷಯ ಚಿಕಿತ್ಸಾಲಯಗಳಿಗೆ ಕೊಂಡೊಯ್ಯುತ್ತಿದ್ದರು. ಎಷ್ಟೋ ಮಂದಿಗೆ ದಡಕ್ಕಿಳಿದು ಮನೆಯವರಿಗೆ ವಿದಾಯ ಹೇಳಲೂ ಅವಕಾಶವಿರಲಿಲ್ಲ. 1956ರ ವೇಳೆಗೆ ಇನ್ಯುಯಿಟರಲ್ಲಿ ಏಳಕ್ಕೊಬ್ಬರು ಹೀಗೆ ದಕ್ಷಿಣದ ಹಾಸಿಗೆಗಳಲ್ಲಿದ್ದರು. ಔಷಧವು ಅನೇಕರನ್ನು ಉಳಿಸಿತೆಂಬುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಧಿಕಾರಿಗಳಿಗೆ ಅವರ ಹೆಸರುಗಳನ್ನು ಉಚ್ಚರಿಸುವುದು ತೊಡಕೆನಿಸಿ, ಕೊರಳಿಗೊಂದು ಸಂಖ್ಯೆಯ ಬಿಲ್ಲೆಯನ್ನು ಮೊದಲೇ ಕಟ್ಟಿದ್ದರು. ಮರಳಿದ ಮಕ್ಕಳಲ್ಲಿ ಕೆಲವರಿಗೆ ತಾಯ ನುಡಿಯೇ ತಿಳಿಯದಾಗಿದ್ದಿತು. ಮರಳದವರನ್ನು ಎಲ್ಲಿ ಹೂಳಿದರೆಂದು ಎಷ್ಟೋ ಮನೆಗಳಿಗೆ ಯಾರೂ ತಿಳಿಸಲಿಲ್ಲ.

2019ರ ಮಾರ್ಚಿಯಲ್ಲಿ ಪ್ರಧಾನಮಂತ್ರಿ ಟ್ರೂಡೊ ಅವರು ಇಕಾಲುಯಿಟ್ ನಗರಕ್ಕೆ ಹೋಗಿ ಇನ್ಯುಯಿಟರ ಕ್ಷಮೆ ಬೇಡಿದರು. ಸಮಾಧಿಗಳನ್ನು ಗುರುತಿಸುವ ಕಾರ್ಯಕ್ಕೆ ಆ ಜನರು 'ನಾನಿಲಾವುತ್' ಎಂದು ತಮ್ಮ ನುಡಿಯಲ್ಲಿ ಹೆಸರಿಟ್ಟಿರುವರು. 'ಅವರನ್ನು ಹುಡುಕೋಣ' ಎಂದು ಅದರ ಅರ್ಥ.