ಅಲ್ಲಿ ಸೆಪ್ಟೆಂಬರಿಗೇ ಕ್ರಿಸ್‌ಮಸ್!

ಸೆಪ್ಟೆಂಬರ್ ಒಂದನೇ ತಾರೀಖು ಬಂತು ಅಂದ್ರೆ ಫಿಲಿಪ್ಪೀನ್ಸ್‌ನಲ್ಲಿ ಕ್ರಿಸ್‌ಮಸ್ ಹಾಡು ಶುರು! ಹಬ್ಬಕ್ಕೆ ನಾಲ್ಕು ತಿಂಗಳು ಮೊದಲೇ ಸಜ್ಜಾಗುವ ಇದೇ ಜನ, ಕರೆದ ಊಟಕ್ಕೆ ಮಾತ್ರ ತಡ. ಅದಕ್ಕೆ ಅವರೇ ಇಟ್ಟ ಹೆಸರು 'ಫಿಲಿಪಿನೋ ಟೈಮ್'. ದಾರಿ ಕೇಳಿದ್ರೆ ಕೈ ಎತ್ತಲ್ಲ, ತುಟಿ ಮುಂದೆ ಮಾಡಿ ತೋರಿಸ್ತಾರೆ. ಹಿರಿಯರ ಜೊತೆ ಮಾತಾಡುವಾಗ ಒಂದು 'ಪೋ' ಸೇರಿಸ್ತಾರೆ. ಬೆಂಗಳೂರಿನವರು ಗಾಬರಿಯಾಗಬೇಡಿ, 'ಹೋಗು' ಅಂತಲ್ಲ. ನಮ್ಮ 'ರೀ' ಇದ್ದ ಹಾಗೆ.

ದೇಶದ ಹೆಸರೇ ಸ್ಪೇನಿನ ದೊರೆ ಎರಡನೇ ಫಿಲಿಪ್‌ನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ನರು ಬಿಟ್ಟುಹೋದ ಜೀಪುಗಳನ್ನ ಉದ್ದ ಮಾಡಿ, ಬಣ್ಣ ಬಳಿದು 'ಜೀಪ್ನಿ' ಮಾಡಿಕೊಂಡ್ರು. ಕಂಡವರದ್ದನ್ನ ನಮ್ಮದು ಅನ್ನೋಕೂ ಗತ್ತು ಬೇಕು ಸ್ವಾಮಿ!

ಹಬ್ಬ ಅಷ್ಟು ಉದ್ದ ಯಾಕೆ? ಕಾಯೋದು ಜಾಸ್ತಿ, ಅದಕ್ಕೇ ಅಂತ ನನಗನ್ನಿಸುತ್ತೆ. ನರ್ಸ್, ನಾವಿಕ, ಮನೆಗೆಲಸ ಅಂತ ಲಕ್ಷಾಂತರ ಜನ ಹೊರದೇಶಗಳಲ್ಲಿ ದುಡೀತಾರೆ. ಮಕ್ಕಳು ಬೆಳೆಯೋದನ್ನ ಫೋನಿನಲ್ಲಿ ನೋಡ್ತಾರೆ. ಸೋಪು, ಚಾಕೊಲೇಟು, ಶೂ ತುಂಬಿದ 'ಬಾಲಿಕ್‌ಬಾಯನ್' ಪೆಟ್ಟಿಗೆ ಮನೆಗೆ ಕಳಿಸ್ತಾರೆ.

1924ರಲ್ಲಿ ಒಲಿಂಪಿಕ್ಸ್‌ಗೆ ಕಾಲಿಟ್ಟ ದೇಶಕ್ಕೆ ಮೊದಲ ಚಿನ್ನ ಸಿಕ್ಕಿದ್ದು 2021ರಲ್ಲಿ, ವೇಟ್‌ಲಿಫ್ಟಿಂಗ್‌ನಲ್ಲಿ. ಗೆದ್ದ ಹಿಡಿಲಿನ್ ಡಿಯಾಜ್, ಲಾಕ್‌ಡೌನ್‌ನಲ್ಲಿ ಮಲೇಷ್ಯಾದಲ್ಲಿ ಸಿಕ್ಕಿಕೊಂಡು, ಬಿದಿರಿನ ಕೋಲಿಗೆ ನೀರಿನ ಕ್ಯಾನ್ ಕಟ್ಟಿ ಎತ್ತಿದವರು. ಊರಿಂದ ದೂರ ನಿಂತು ಭಾರ ಎತ್ತೋದು ಆ ಜನಕ್ಕೆ ಹೊಸದೇನಲ್ಲ.

ದೇಶಾಭಿಮಾನ ಅಂದ್ರೆ ನಾವು ಸ್ಟುಡಿಯೋದಲ್ಲಿ ಕೂತು ಕೂಗ್ತೀವಿ. ಅವರು ಸದ್ದಿಲ್ಲದೆ ಪೆಟ್ಟಿಗೆ ಕಟ್ತಾರೆ.