ಹೆಡ್‌ಲೈಟಿನ ಬಲ್ಬು ಪದೇ ಪದೇ ಸುಡುವುದೇಕೆ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘವೆಂದರೆ ಹೋಟೆಲಿನವರದು, ಗಿರಣಿಯವರದು ಎಂದೇ ಹೆಸರು. ಆದರೆ ಮುಂಬಯಿಯಲ್ಲಿ ಹೋಟೆಲು ನಡೆಯಬೇಕಾದರೆ ನಸುಕಿನಲ್ಲಿಯೇ ವಾಶಿಯ ಮಾರ್ಕೆಟ್ಟಿನಿಂದ ತರಕಾರಿ ಬರಬೇಕು. ಅದನ್ನು ತರುವ ಟೆಂಪೋ ನಡೆಸುವವರಲ್ಲಿ ನಮ್ಮವರಿದ್ದಾರೆ. 1982ರ ಮುಷ್ಕರದ ತರುವಾಯ ಗಿರಣಿಗಳ ಬಾಗಿಲು ಮುಚ್ಚಿದಾಗ ಮಗ್ಗ ಬಿಟ್ಟು ಸ್ಟೀರಿಂಗು ಹಿಡಿದವರೂ ಇದ್ದಾರೆ. ಆದುದರಿಂದ ಮೋಟಾರಿನ ಹೆಡ್‌ಲೈಟಿನ ವಿಚಾರ ಈ ಸಭೆಗೆ ಹೊರಗಿನದಲ್ಲ.

"ಬಲ್ಬು ಸುಟ್ಟಿತು, ಹೊಸದು ಹಾಕಿದೆ. ಹದಿನೈದು ದಿನಕ್ಕೆ ಅದೂ ಸುಟ್ಟಿತು. ಧಣಿಗಳು ಪಗಾರದಲ್ಲಿ ಮುರಿದುಕೊಂಡರು." ಡ್ರೈವರುಗಳ ಬಾಯಲ್ಲಿ ಈ ಮಾತು ಕೇಳುತ್ತೇವೆ. ಬಲ್ಬಿನ ಬೆಲೆ ದೊಡ್ಡದಲ್ಲ. ಅದರ ಹಿಂದಿರುವ ಎರಡು ವಿಷಯಗಳು ಮಾತ್ರ ದೊಡ್ಡವು. ಒಂದು ಪ್ರಾಣ. ಒಂದೇ ದೀಪ ಉರಿಯುವ ಟೆಂಪೋವನ್ನು ಎದುರಿನವನು ಕತ್ತಲಲ್ಲಿ ಮೋಟಾರ್ ಸೈಕಲ್ಲೆಂದು ಬಗೆದು ಹತ್ತಿರ ಬರುತ್ತಾನೆ. ಇನ್ನೊಂದು ಮಾನ. ಗಾಡಿಯ ದೋಷ ಮನುಷ್ಯನ ಲೆಕ್ಕಕ್ಕೆ ಬೀಳುತ್ತದೆ.

ಮಗ್ಗದಲ್ಲಿ ಒಂದೇ ಜಾಗದ ಎಳೆ ಮತ್ತೆ ಮತ್ತೆ ತುಂಡಾದರೆ ತಿಳಿದ ನೇಕಾರ ಗಂಟು ಹಾಕುತ್ತ ಕೂಡುವುದಿಲ್ಲ. ಎಳೆ ಎಲ್ಲಿ ಉಜ್ಜುತ್ತಿದೆಯೆಂದು ನೋಡುತ್ತಾನೆ. ಬಲ್ಬಿನ ವಿಷಯವೂ ಹಾಗೆಯೇ. ಹೊಸ ಬಲ್ಬು ಹಾಕುವುದು ಗಂಟು ಹಾಕಿದಂತೆ. ಕಾರಣ ಹುಡುಕುವುದು ಬೇರೆ ಕೆಲಸ.

ಮೊದಲು ಲೆಕ್ಕ ನೋಡೋಣ. ನಮ್ಮ ಹೆಚ್ಚಿನ ಗಾಡಿಗಳಲ್ಲಿರುವುದು ಎಚ್-4 ಎಂಬ ಹ್ಯಾಲೋಜನ್ ಬಲ್ಬು: ಮೇಲಿನ ಬೆಳಕಿಗೆ 60 ವಾಟು, ಕೆಳಗಿನದಕ್ಕೆ 55 ವಾಟು. ಇದರ ಆಯುಸ್ಸು ಕೆಲವು ನೂರು ಗಂಟೆ. ರಾತ್ರಿಗೆ 5 ಗಂಟೆಯಂತೆ ಉರಿದರೆ ತಿಂಗಳಿಗೆ 150 ಗಂಟೆಯಾಯಿತು. ನಾಲ್ಕೈದು ತಿಂಗಳು ಹೀಗೆ ದುಡಿದು ಸತ್ತರೆ ಅದು ಸಹಜ ಮರಣ. ಹದಿನೈದು ದಿನಕ್ಕೆ ಸತ್ತರೆ ಯಾರೋ ಕೊಂದಿದ್ದಾರೆಂದು ತಿಳಿಯಬೇಕು. ಹೆಚ್ಚು ಬೆಳಕು ಕೊಡುತ್ತದೆಂದು ಮಾರುವ ಬಲ್ಬುಗಳ ಆಯುಸ್ಸು ಮೊದಲೇ ಕಡಿಮೆ, ಇದೂ ನೆನಪಿರಲಿ.

ಕೊಲ್ಲುವವರಲ್ಲಿ ಮೊದಲನೆಯದು ಹೆಚ್ಚಿನ ವೋಲ್ಟು. ಬಲ್ಬಿನ ಒಳಗಿನ ತಂತಿ ಟಂಗ್‌ಸ್ಟನ್ನಿನದು. ಆ ಲೋಹ ಕರಗಲು 3422 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆದರೆ ಕರಗುವ ಮೊದಲೇ ಅದು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಸವೆಯುತ್ತದೆ. ವೋಲ್ಟು ನೂರಕ್ಕೆ 5ರಷ್ಟು ಏರಿದರೆ ಬೆಳಕು ಹೆಚ್ಚುವುದು ಸುಮಾರು ಆರರಲ್ಲೊಂದು ಪಾಲು, ಆಯುಸ್ಸು ಇಳಿಯುವುದು ಸುಮಾರು ಅರ್ಧಕ್ಕೆ. ಎರಡೂ ಕಡೆಯ ದೀಪಗಳು ಹಿಂದುಮುಂದಾಗಿ ಸುಡುತ್ತಿದ್ದರೆ ಮೊದಲ ಸಂಶಯ ಇದರ ಮೇಲೆಯೇ ಇರಲಿ.

ಪರೀಕ್ಷೆ ಸುಲಭ. ಒಂದು ಮಲ್ಟಿಮೀಟರು ಸಾಕು. ಎಂಜಿನ್ ನಿಂತಿರುವಾಗ ಚೆನ್ನಾಗಿ ಚಾರ್ಜಾದ ಬ್ಯಾಟರಿಯ ಎರಡು ಕಂಬಗಳ ನಡುವೆ ಸುಮಾರು 12.6 ವೋಲ್ಟು ಕಾಣಬೇಕು. ಎಂಜಿನ್ ಓಡಿಸಿ ಸ್ವಲ್ಪ ಎಕ್ಸಿಲರೇಟರು ಕೊಟ್ಟಾಗ 13.8ರಿಂದ 14.5ರವರೆಗೆ ಇರಬೇಕು. ಕೆಲವು ಹೊಸ ಗಾಡಿಗಳಲ್ಲಿ ಈ ಅಂಕೆ ಕೊಂಚ ಏರಿಳಿಯುವುದುಂಟು. ಆದರೆ 15 ದಾಟಿ ಅಲ್ಲಿಯೇ ನಿಂತರೆ ಆಲ್ಟರ್ನೇಟರಿನ ರೆಗ್ಯುಲೇಟರು ಕೆಟ್ಟಿದೆಯೆಂದು ತಿಳಿಯಬಹುದು. ಆಗ ನೂರು ಬಲ್ಬು ಹಾಕಿದರೂ ನೂರೂ ಸುಡುತ್ತವೆ, ಜೊತೆಗೆ ಬ್ಯಾಟರಿಯೂ ಕುದಿದು ಹಾಳಾಗುತ್ತದೆ. ಬ್ಯಾಟರಿಯ ಕ್ಲಾಂಪು ಸಡಿಲವಾಗಿದ್ದರೂ ಅಪಾಯವೇ. ಏರಿದ ವೋಲ್ಟನ್ನು ಬ್ಯಾಟರಿ ನುಂಗಿಕೊಳ್ಳುತ್ತದೆ. ಎಂಜಿನ್ ಓಡುತ್ತಿರುವಾಗ ಅದರ ಸಂಪರ್ಕ ಒಂದು ಕ್ಷಣ ಕಡಿದರೂ ಆಲ್ಟರ್ನೇಟರಿನ ಹೊಡೆತ ನೇರವಾಗಿ ದೀಪಕ್ಕೆ ಬಡಿಯುತ್ತದೆ.

ಒಂದೇ ಕಡೆಯ ಬಲ್ಬು ಸುಡುತ್ತಿದ್ದರೆ ರೋಗ ಆ ಮೂಲೆಯಲ್ಲಿಯೇ ಇದೆ. ಬಲ್ಬಿನ ಪ್ಲಗ್ಗನ್ನು ಹಿಡಿದು ಮೆಲ್ಲನೆ ಅಲುಗಿಸಿ ನೋಡಿ. ದೀಪ ಮಿಣುಕಿದರೆ ಸಂಪರ್ಕ ಸಡಿಲ. ತಣ್ಣಗಿರುವ ತಂತಿ ಹೊತ್ತಿಸಿದ ಕ್ಷಣದಲ್ಲಿ ಉರಿಯುವಾಗಿನ ಹತ್ತರಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಆದುದರಿಂದಲೇ ಸವೆದ ಬಲ್ಬು ಸ್ವಿಚ್ಚು ಹಾಕಿದಾಗಲೇ ಹೋಗುವುದು. ಸಡಿಲ ಸಂಪರ್ಕವೆಂದರೆ ದಾರಿಯುದ್ದಕ್ಕೂ ಸ್ವಿಚ್ಚು ಹಾಕಿ ತೆಗೆದಂತೆ. ದೀಪದ ಡಬ್ಬಿ ಗಟ್ಟಿಯಾಗಿ ಕೂಡದೆ ನಡುಗುತ್ತಿದ್ದರೂ ತಂತಿ ತಾಳುವುದಿಲ್ಲ. ನಮ್ಮ ರಸ್ತೆಯ ಹೊಂಡಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹಿಂಬದಿಯ ರಬ್ಬರು ಮುಚ್ಚಳ ಹರಿದಿದ್ದರೆ ನೀರು ಒಳಗಿಳಿಯುತ್ತದೆ. ಕಾದ ಗಾಜಿನ ಮೇಲೆ ಒಂದು ತಣ್ಣನೆಯ ಹನಿ ಬಿದ್ದರೆ ಏನಾದೀತೆಂದು ಅಡುಗೆಮನೆಯ ಬಂಧುಗಳು ಬಲ್ಲರು.

ಮೂರನೆಯದು ನಮ್ಮ ಬೆರಳು. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು, ಬೆವರಿನ ಉಪ್ಪು ಅಂಟಿದ ಜಾಗ ವಿಪರೀತ ಕಾದು ಅಲ್ಲಿಯ ಗಾಜು ಕೆಡುತ್ತದೆ. ಶುಭ್ರವಾದ ಬಟ್ಟೆ ಇಲ್ಲವೆ ಕಾಗದದಿಂದ ಹಿಡಿಯಿರಿ. ಕೈ ತಾಗಿದರೆ ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ. ಬಲ್ಬು ಬದಲಿಸುವ ಮೊದಲು ದೀಪ ಆರಿಸಿ, ತಣ್ಣಗಾಗಲು ಬಿಡಿ. ಅದರೊಳಗೆ ಅನಿಲ ಒತ್ತಡದಲ್ಲಿರುತ್ತದೆ. ಒಡೆದರೆ ಚೂರು ಕಣ್ಣಿಗೆ ಸಿಡಿಯಬಹುದು.

ನಾಲ್ಕನೆಯದು ಆಸೆ. ಘಾಟಿಯಲ್ಲಿ ಚೆನ್ನಾಗಿ ಕಾಣಲಿ ಎಂದು 60 ವಾಟಿನ ಜಾಗಕ್ಕೆ 100 ವಾಟಿನದನ್ನು ಹಾಕುವವರುಂಟು. 12 ವೋಲ್ಟಿನ ಲೆಕ್ಕದಲ್ಲಿ 60 ವಾಟಿಗೆ 5 ಆಂಪಿಯರ್ ಹರಿದರೆ 100 ವಾಟಿಗೆ 8ಕ್ಕೂ ಮಿಕ್ಕಿ ಹರಿಯುತ್ತದೆ. ಗಾಡಿಯ ವಯರು, ಪ್ಲಗ್ಗು ಅಷ್ಟಕ್ಕೆ ಮಾಡಿದವಲ್ಲ. ಪ್ಲಗ್ಗು ಕರಗಿ ಸಂಪರ್ಕ ಹಾಳಾದ ಮೇಲೆ ಸರಿಯಾದ ಬಲ್ಬು ಹಾಕಿದರೂ ಅದು ಉಳಿಯದು. ಎದುರಿಗೆ ಬರುವವನ ಕಣ್ಣು ಕುಕ್ಕುವ ಪಾಪ ಬೇರೆ.

ಬಂಧುಗಳೇ, ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇದು: ಸುಟ್ಟ ಬಲ್ಬನ್ನು ಎಸೆಯಬೇಡಿ. ಅದು ಸಾಕ್ಷಿ. ಗಾಜು ಒಳಗಡೆ ಕಪ್ಪಾಗಿದ್ದರೆ ತಂತಿ ಆವಿಯಾಗಿ ಸವೆದಿದೆ. ಬಹಳ ಕಾಲ ಉರಿದಿರಬೇಕು, ಇಲ್ಲವೆ ವೋಲ್ಟು ಹೆಚ್ಚಿರಬೇಕು. ಹಾಕಿದ ತಾರೀಖು ಗೊತ್ತಿದ್ದರೆ ಎರಡರಲ್ಲಿ ಯಾವುದೆಂದು ನಿರ್ಣಯವಾಗುತ್ತದೆ. ಒಳಗೆ ಬಿಳಿ ಅಥವಾ ಹಳದಿ ಪುಡಿ ಕಂಡರೆ ಗಾಜು ಬಿರಿದು ಗಾಳಿ ಹೊಕ್ಕಿದೆ. ಒಂದೆಡೆ ಮಾತ್ರ ಹಾಲಿನಂತೆ ಮಬ್ಬಾಗಿ ಉಬ್ಬಿದ್ದರೆ ಬೆರಳಿನ ಜಿಡ್ಡನ್ನು ಸಂಶಯಿಸಿ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅಲುಗಾಟ ಕಾರಣವಿರಬಹುದು. ಬುಡ ಕಂದಿ ಪ್ಲಗ್ಗು ಕರಗಿದ್ದರೆ ಸಂಪರ್ಕದ ದೋಷ, ಇಲ್ಲವೆ ಹೆಚ್ಚು ವಾಟಿನ ಬಲ್ಬು.

ಈ ಬಲ್ಬನ್ನು ಒಂದು ಕಾಗದದಲ್ಲಿ ಸುತ್ತಿ, ಹಾಕಿದ ದಿನ, ಹೋದ ದಿನ, ಎಡವೋ ಬಲವೋ, ಮೀಟರು ತೋರಿಸಿದ ವೋಲ್ಟು ಎಷ್ಟು ಎಂದು ಬರೆದಿಡಿ. ನಾಲ್ಕು ಸಾಲು ಸಾಕು. "ನಿನ್ನ ಅಜಾಗ್ರತೆ" ಎಂದು ಧಣಿಗಳು ಹೇಳಿದಾಗ ಜಗಳವಾಡದೆ ಆ ಕಾಗದವನ್ನು ಮುಂದಿಡಿ. ರೆಗ್ಯುಲೇಟರು ಕೆಟ್ಟಿದ್ದರೆ ಅದನ್ನು ಸರಿಮಾಡಿಸುವುದು ಅವರಿಗೂ ಲಾಭವೇ.

ಕಾನೂನೂ ಈ ಮಾತಿಗೆ ಬೆಂಬಲವಾಗಿದೆ. ನಷ್ಟವು ಕೆಲಸಗಾರನ ಅಲಕ್ಷ್ಯದಿಂದ ನೇರವಾಗಿ ಆಗಿದ್ದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆಯೇ, ಪಗಾರದಲ್ಲಿ ಮುರಿದುಕೊಳ್ಳಬಹುದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು; 2019ರ ವೇತನ ಸಂಹಿತೆಯಲ್ಲಿಯೂ ಇದೆ. ಆದರೆ ಕೇಳಿದಾಗ ಹೇಳಲು ನಮ್ಮ ಬಳಿ ಉತ್ತರವಿರಬೇಕು. "ನನಗೆ ಗೊತ್ತಿಲ್ಲ, ಸುಟ್ಟಿತು" ಎಂಬುದು ಉತ್ತರವಲ್ಲ. "15.4 ವೋಲ್ಟು ಬರುತ್ತಿದೆ, ನೋಡಿ" ಎಂಬುದು ಉತ್ತರ.

ಗಾಡಿ ನಡೆಸುವ ಬಂಧುಗಳು ನಾಲ್ಕಾರು ಮಂದಿ ಸೇರಿ ಒಂದು ಮೀಟರು ಕೊಂಡುಕೊಳ್ಳಲಿ. ಅದನ್ನು ಬಳಸುವ ಕ್ರಮವನ್ನು ಅರ್ಧ ಗಂಟೆಯಲ್ಲಿ ಕಲಿಸಿಕೊಡಲು ನಾನು ಸಿದ್ಧನಿದ್ದೇನೆ.